ಹುಂಡಿಯ ವ್ಯವಹಾರವೂ ಇಂದಿನ ವಿದ್ಯುನ್ಮಾನ ಪಾವತಿಯೂ

೧

‘ಪಾವತಿ’ ಎಂಬ ಶಬ್ದವು ಈಗಿನ ಕನ್ನಡದಲ್ಲಿ ಹಣವನ್ನು ಸಲ್ಲಿಸುವಿಕೆ ಎಂಬರ್ಥದಲ್ಲಿ ಪ್ರಚುರವಾಗಿರುವುದು. ಅದರ ಮೂಲಾರ್ಥವಾದರೋ ಬೇರೆ. ಅದು ಮರಾಠಿಯ ಲೆಕ್ಕಪತ್ರಗಳಿಂದ ನಮ್ಮ ದಫ್ತರಗಳೊಳಕ್ಕೆ ಬಂದ ಮಾತು. ಆ ಭಾಷೆಯಲ್ಲಿ ‘ಪಾವಣೆ’ ಎಂದರೆ ಹೊಂದುವುದು, ತಲಪುವುದು. ಸಂಸ್ಕೃತದ ‘ಪ್ರಾಪ್’ ಎಂಬುದೇ ಅದರ ಮೂಲ. ಆದುದರಿಂದ ಪಾವತಿಯು ಮೊದಲಲ್ಲಿ ಕೊಟ್ಟವನ ಕ್ರಿಯೆಯಾಗಿರಲಿಲ್ಲ. ‘ಹಣವು ನನಗೆ ತಲಪಿತು’ ಎಂದು ಪಡೆದವನು ಬರೆದುಕೊಡುತ್ತಿದ್ದ ಚೀಟಿಯಾಗಿದ್ದಿತು. ರಸೀದಿ ಎಂದು ನಾವು ಹೇಳುವುದೂ ಅದನ್ನೇ. ಪಡೆದವನ ಮಾತು ಹೀಗೆ ಕೊಟ್ಟವನ ಕಡೆಗೆ ಸರಿದ ಈ ಅರ್ಥವ್ಯತ್ಯಾಸವು ಶಬ್ದಶಾಸ್ತ್ರದ ಕುತೂಹಲವೊಂದೇ ಅಲ್ಲವೆಂಬುದು ಸ್ವಲ್ಪ ಕಾಲದ ಹಿಂದೆ ನನಗೆ ಮನದಟ್ಟಾಯಿತು.

ನಮ್ಮೂರಿನ ದೇವಾಲಯದ ಮುಂದೆ ಹೂ ಮಾರುವ ಹೆಂಗಸಿನ ಬುಟ್ಟಿಯ ಪಕ್ಕದಲ್ಲಿ ಅಂಗೈಯಗಲದ ಡಬ್ಬವೊಂದಿರುವುದು. ಗಿರಾಕಿಯು ಅಲ್ಲಿಯ ಚೌಕಮುದ್ರೆಯನ್ನು ತನ್ನ ಮೊಬೈಲಿನಿಂದ ಸ್ಕ್ಯಾನ್ ಮಾಡಿ ಹಣ ಕಳುಹಿಸಿದೊಡನೆಯೇ ಆ ಡಬ್ಬವು ಬಂದ ಮೊತ್ತವನ್ನು ಕನ್ನಡದಲ್ಲಿ ಗಟ್ಟಿಯಾಗಿ ಸಾರುವುದು. ನಾನು ಎರಡು ಮೊಳ ಹೂವಿಗೆ ಹೀಗೆ ಹಣ ಕಳುಹಿಸಿದಾಗ ಆಕೆಯು ತಲೆಯನ್ನೇ ಎತ್ತಲಿಲ್ಲ. “ನಾನು ಕೊಟ್ಟುದನ್ನು ನೋಡಿಕೊಳ್ಳಲೇ ಇಲ್ಲವಲ್ಲಮ್ಮ” ಎಂದೆನು. “ಡಬ್ಬ ಹೇಳ್ತಲ್ಲ ಸ್ವಾಮಿ, ಬಂತು ಅಂತ. ಅದು ಕೂಗದಿದ್ರೆ ನಾನು ಹೂ ಕೊಡೋದಿಲ್ಲ” ಎಂದಳು. ಗಿರಾಕಿಯು ತೋರಿಸುವ ಚಿತ್ರವನ್ನಾಗಲಿ ಅವನ ಮಾತನ್ನಾಗಲಿ ಆಕೆ ಪ್ರಮಾಣವೆಂದು ಎಣಿಸುವುದಿಲ್ಲ. ತನ್ನ ಪರವಾಗಿ ‘ತಲಪಿತು’ ಎಂಬ ಮಾತು ಹೊರಟರೆ ಮಾತ್ರ ವ್ಯವಹಾರವು ಮುಗಿದಂತೆ. ಪಾವತಿ ಶಬ್ದದ ಮೂಲಾರ್ಥವು ನಿಘಂಟುಗಳಲ್ಲಿ ಹಿಂದೆ ಸರಿದಿದ್ದರೂ ಹೂವಾಡಗಿತ್ತಿಯ ಬುಟ್ಟಿಯ ಬಳಿಯಲ್ಲಿ ಜೀವಂತವಾಗಿರುವುದು.

ಹಣವನ್ನು ಹೊತ್ತುಕೊಂಡು ಹೋಗದೆಯೇ ಸಲ್ಲಿಸುವ ಪದ್ಧತಿಯು ನಮ್ಮ ದೇಶದಲ್ಲಿ ಹೊಸದಲ್ಲ. ಆ ಪದ್ಧತಿಯ ಪ್ರಾಚೀನ ರೂಪವನ್ನೂ ಇಂದಿನ ವಿದ್ಯುನ್ಮಾನ ರೂಪವನ್ನೂ ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡಿದರೆ ಯಾವುದು ಬದಲಾಗಿದೆ, ಯಾವುದು ಬದಲಾಗಿಲ್ಲ, ಬದಲಾವಣೆಯಲ್ಲಿ ನಾವು ಯಾವುದನ್ನು ಕಳೆದುಕೊಂಡಿದ್ದೇವೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಧರ್ಮಶಾಸ್ತ್ರಕಾರರ ವ್ಯವಹಾರಪ್ರಕರಣದಿಂದ ಆರಂಭಿಸುವುದು ಉಚಿತ. ಯಾಜ್ಞವಲ್ಕ್ಯಸ್ಮೃತಿಯ ಲೇಖ್ಯಪ್ರಕರಣದಲ್ಲಿ ಸಾಲಪತ್ರದ ಲಕ್ಷಣವು ವಿವರವಾಗಿ ಹೇಳಲ್ಪಟ್ಟಿದೆ. ವರ್ಷ, ಮಾಸ, ಪಕ್ಷ, ದಿನಗಳನ್ನೂ, ಧನಿಕ ಮತ್ತು ಋಣಿಕರ ಹೆಸರುಗಳನ್ನು ತಂದೆಯ ಹೆಸರಿನೊಡನೆಯೂ ಬರೆಯಬೇಕು. ಕೆಳಗೆ ಋಣಿಕನು ತನ್ನ ಕೈಯಿಂದಲೇ ಒಪ್ಪಿಗೆಯನ್ನು ಬರೆಯಬೇಕು. ಸಾಕ್ಷಿಗಳೂ ತಂತಮ್ಮ ಹೆಸರುಗಳನ್ನು ಬರೆಯಬೇಕು. ಕೊನೆಯಲ್ಲಿ ಲೇಖಕನು ತನ್ನ ಅಂಕಿತವನ್ನು ಹಾಕಬೇಕು. ಈ ವಿಧಿಗಳು ನಮ್ಮವರಿಗೆ ಪರಿಚಿತವಾದುವೇ. ನಮ್ಮ ವಿಷಯಕ್ಕೆ ಮುಖ್ಯವಾದುವು ಅನಂತರದ ಮೂರು ಮಾತುಗಳು.

ಮೊದಲನೆಯದು: ಸಾಲವನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸುವವನು ಕೊಟ್ಟುದನ್ನೆಲ್ಲ ಪತ್ರದ ಹಿಂಬದಿಯಲ್ಲಿ ಬರೆಯಬೇಕು, ಇಲ್ಲವೇ ಧನಿಕನು ತನ್ನ ಕೈಬರಹದ ಗುರುತಿರುವ ‘ಉಪಗತ’ವನ್ನು ಕೊಡಬೇಕು. ಉಪಗತವೆಂದರೆ ಬಳಿಗೆ ಬಂದುದು, ತಲಪಿದುದು. ಪಾವತಿ ಎಂಬ ದೇಶಿಯ ಮಾತಿಗೂ ಉಪಗತವೆಂಬ ಶಾಸ್ತ್ರದ ಮಾತಿಗೂ ಅರ್ಥದಲ್ಲಿ ಕೂದಲೆಳೆಯಷ್ಟೂ ಅಂತರವಿಲ್ಲ. ಎರಡನೆಯದು: ಋಣವು ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು, ಇಲ್ಲವೇ ಶುದ್ಧಿಗಾಗಿ ಬೇರೊಂದು ಪತ್ರವನ್ನು ಮಾಡಿಸಬೇಕು, ಸಾಕ್ಷಿಗಳ ಮುಂದೆ ಪಡೆದ ಸಾಲವನ್ನು ಸಾಕ್ಷಿಗಳ ಮುಂದೆಯೇ ತೀರಿಸಬೇಕು. ಮೂರನೆಯದು: ಸ್ವಹಸ್ತದಿಂದ ಬರೆದ ಪತ್ರವು ಸಾಕ್ಷಿಗಳಿಲ್ಲದಿದ್ದರೂ ಪ್ರಮಾಣವೇ, ಆದರೆ ಬಲದಿಂದಲೋ ಉಪಧಿಯಿಂದಲೋ ಬರೆಯಿಸಿದುದು ಪ್ರಮಾಣವಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ನಮ್ಮ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಉಪಧಿ ಶಬ್ದಕ್ಕೆ ಛಲ, ಲೋಭ, ಭಯ, ಮದ ಮೊದಲಾದುವನ್ನು ಸೇರಿಸಿ ಅರ್ಥ ಹೇಳಿರುವನು. ಈ ಮೂರನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುವೆನು. ಮುಂದೆ ಅದೇ ನಮಗೆ ಆಧಾರವಾಗಲಿದೆ.

ಪತ್ರವನ್ನು ಹರಿಯಬೇಕೆಂಬ ವಿಧಿಗೆ ನಮ್ಮ ನಾಡಿನ ಲೆಕ್ಕದ ಪುಸ್ತಕವೇ ಸ್ವಭಾವತಃ ಅನುಕೂಲವಾಗಿದ್ದಿತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ‘ಕಡತ’ವು ವರ್ತಕರಲ್ಲಿಯೂ ಮಠಗಳಲ್ಲಿಯೂ ಬಹುಕಾಲ ಬಳಕೆಯಲ್ಲಿದ್ದಿತು. ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಾಗಿದ್ದಿತು. ಇಟ್ಟರೆ ಉಳಿಯುವುದು, ಒರೆಸಿದರೆ ಅಳಿಯುವುದು. ಎರಡೂ ಒಡೆಯನ ಇಚ್ಛೆಗೆ ಸೇರಿದುದು. ಅದೇ ಶಬ್ದವು ಇಂದು ಎಂದಿಗೂ ಅಳಿಯದ ಸರಕಾರಿ ಕಾಗದಗಳ ಕಟ್ಟಿಗೆ ಹೆಸರಾಗಿರುವುದು ವಿಚಿತ್ರವಲ್ಲವೆ?

೩

ಇನ್ನು ಹುಂಡಿಯ ವಿಷಯ. ಕನ್ನಡಿಗರಿಗೆ ಈಗ ಹುಂಡಿಯೆಂದರೆ ದೇವಾಲಯದ ಕಾಣಿಕೆಯ ಪೆಟ್ಟಿಗೆಯೇ ಮೊದಲು ನೆನಪಾಗುವುದು. ವರ್ತಕರ ಹುಂಡಿಯಾದರೋ ಒಂದೂರಿನ ಸಾಹುಕಾರನು ಬೇರೊಂದೂರಿನ ಸಾಹುಕಾರನಿಗೆ ‘ಇಂಥವರಿಗೆ ಇಷ್ಟು ಹಣವನ್ನು ಕೊಡತಕ್ಕದ್ದು’ ಎಂದು ಬರೆದ ಆಜ್ಞಾಪತ್ರ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಬರುವ ‘ಆದೇಶ’ ಶಬ್ದವನ್ನು ಕೆಲವರು ಹುಂಡಿಯ ಪೂರ್ವರೂಪವೆಂದು ಹೇಳುವರು. ಒಂದು ಶಬ್ದದ ಮೇಲೆ ಅಷ್ಟು ಭಾರವನ್ನು ಹೊರಿಸುವುದು ತರವಲ್ಲವೆಂದು ನನ್ನ ಅಭಿಪ್ರಾಯ. ಕಲ್ಹಣನ ರಾಜತರಂಗಿಣಿಯಲ್ಲಿ ಹತ್ತನೆಯ ಶತಮಾನದ ಕಾಶ್ಮೀರದ ಕಥೆಯಲ್ಲಿ ಬರುವ ‘ಹುಂಡಿಕಾ’ ಎಂಬುದು ಇದಕ್ಕಿಂತ ದೃಢವಾದ ಆಧಾರ.

ಹದಿನೇಳನೆಯ ಶತಮಾನದ ವೇಳೆಗೆ ಈ ವ್ಯವಸ್ಥೆಯು ದೇಶವನ್ನೆಲ್ಲ ವ್ಯಾಪಿಸಿದ್ದಿತು. ಸರಾಫನಿಲ್ಲದ ಹಳ್ಳಿಯು ಅತಿ ಸಣ್ಣದೇ ಆಗಿರಬೇಕೆಂದು ಫ್ರಾನ್ಸಿನ ಪ್ರವಾಸಿ ತಾವೆರ್ನಿಯೇ ಬರೆದಿರುವನು. ಹದಿನೆಂಟನೆಯ ಶತಮಾನದಲ್ಲಿ ಬಂಗಾಳದ ಕಂದಾಯವು ಮುರ್ಷಿದಾಬಾದಿನ ಜಗತ್‌ಸೇಠರ ಮನೆಯ ಹುಂಡಿಗಳ ಮೂಲಕ ದಿಲ್ಲಿಗೆ ಸಲ್ಲುತ್ತಿದ್ದಿತು.

ಹುಂಡಿಯ ಪ್ರಭೇದಗಳ ಹೆಸರುಗಳು ಭಾಷಾಭ್ಯಾಸಿಗಳಿಗೆ ರುಚಿಸತಕ್ಕವು. ತೋರಿಸಿದೊಡನೆ ಹಣ ಕೊಡಬೇಕಾದುದು ದರ್ಶನಿ. ಅವಧಿಯ ಮೇಲೆ ಕೊಡಬೇಕಾದುದು ಮುದ್ದತಿ. ಹೆಸರಿಸಿದವನಿಗೇ ಸಲ್ಲತಕ್ಕುದು ನಾಮ್‌ಜೋಗ್. ಒಡೆಯನಿಗೆ ಸಲ್ಲತಕ್ಕುದು ಧನೀಜೋಗ್. ಮರ್ಯಾದಸ್ಥನಾದ ವರ್ತಕನ ಕೈಗೆ ಮಾತ್ರ ಸಲ್ಲತಕ್ಕುದು ಶಾಹಜೋಗ್. ಈ ‘ಜೋಗ್’ ಎಂಬುದು ಸಂಸ್ಕೃತದ ‘ಯೋಗ್ಯ’ವೇ. ‘ಶಾಹ’ ಎಂಬುದಕ್ಕೆ ಪಾರಸಿಕದ ಬಣ್ಣ ಬಂದಿದ್ದರೂ ಅದರ ಒಳಗಿರುವುದು ‘ಸಾಧು’ ಎಂಬ ಶಬ್ದ. ಸಾಧುವು ಪ್ರಾಕೃತದಲ್ಲಿ ಸಾಹುವಾಗಿ, ನಮ್ಮಲ್ಲಿ ಸಾಹುಕಾರನಾಗಿರುವನು. ಸತ್ಯನಾರಾಯಣವ್ರತದ ಕಥೆಯ ವರ್ತಕನ ಹೆಸರು ಸಾಧುವೆಂದಿರುವುದಕ್ಕೂ ಇದೇ ಹಿನ್ನೆಲೆ. ದೋಣಿಯಲ್ಲಿ ಧನವಿದ್ದರೂ ಬಳ್ಳಿ ಎಲೆಗಳಿವೆಯೆಂದು ಆಡಿದ ಸುಳ್ಳಿಗೆ ಅವನು ಪಟ್ಟ ಪಾಡನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ವರ್ತಕನ ಮಾತು ಸುಳ್ಳಾದರೆ ಧನವೇ ಮಾಯವಾಗುವುದೆಂಬ ಆ ಕಥೆಯ ನೀತಿಯೇ ಹುಂಡಿಯ ಪೇಟೆಯ ನಿಯಮವೂ ಆಗಿದ್ದಿತು.

ಹುಂಡಿಯಲ್ಲಿ ಮೊತ್ತವನ್ನು ಬರೆಯುವ ಕ್ರಮವು ಗಮನಾರ್ಹವಾದುದು. ನೂರು ರೂಪಾಯಿ ಎಂದು ಬರೆದು, ಅದರ ಅರ್ಧ ಐವತ್ತು, ಅದರ ಇಮ್ಮಡಿ ಎಂದು ಮತ್ತೆ ಬರೆಯುತ್ತಿದ್ದರು. ತಿದ್ದುವವನಿಗೆ ಒಂದೆಡೆಯಲ್ಲಿ ತಿದ್ದಿದರೆ ಸಾಲದು. ಹುಂಡಿಯು ಕಳೆದುಹೋದರೆ ಅದರ ಪ್ರತಿಯಾಗಿ ‘ಪೈಠ್’ ಎಂಬುದನ್ನೂ, ಅದೂ ಕಳೆದರೆ ‘ಪರ್‌ಪೈಠ್’ ಎಂಬುದನ್ನೂ ಕೊಡುತ್ತಿದ್ದರು. ಹಣ ಸಂದ ಹುಂಡಿಗೆ ‘ಖೋಖಾ’ ಎಂದು ಹೆಸರು. ಅದನ್ನು ರದ್ದುಮಾಡಿ ಹಣ ಕೊಟ್ಟ ಸಾಹುಕಾರನೇ ಇಟ್ಟುಕೊಳ್ಳುತ್ತಿದ್ದನು. ‘ಜೋಖಮಿ’ ಎಂಬ ಪ್ರಭೇದದಲ್ಲಿ ಸರಕು ಸುರಕ್ಷಿತವಾಗಿ ತಲಪಿದರೆ ಮಾತ್ರ ಹಣವು ಸಲ್ಲುತ್ತಿದ್ದಿತು. ಹಡಗು ಮುಳುಗಿದರೆ ನಷ್ಟವು ಯಾರದೆಂಬುದು ಮೊದಲೇ ಗೊತ್ತಾಗಿರುತ್ತಿದ್ದಿತು.

ಶಾಹಜೋಗ್ ಹುಂಡಿಯ ರೂಢಿಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಅಂಥ ಹುಂಡಿಯನ್ನು ತಂದವನು ಕಳ್ಳನೋ ಒಡೆಯನೋ ಎಂದು ಹಣ ಕೊಡುವ ಸಾಹುಕಾರನು ಹೇಗೆ ಬಲ್ಲನು? ಆದುದರಿಂದ ಆ ಪೇಟೆಯಲ್ಲಿ ಹೆಸರುಳ್ಳ ಶಾಹನೊಬ್ಬನ ಮೂಲಕವೇ ಅದು ಬರಬೇಕು. ಮುಂದೆ ಹುಂಡಿಯು ಕೂಟಲೇಖ್ಯವೆಂದು ಗೊತ್ತಾದರೆ ಹಣವನ್ನು ಪಡೆದ ಶಾಹನು ಬಡ್ಡಿಯೊಡನೆ ಅದನ್ನು ಹಿಂದಿರುಗಿಸಬೇಕು, ಇಲ್ಲವೇ ಅಪರಾಧಿಯನ್ನು ತಂದೊಪ್ಪಿಸಬೇಕು. ಅಪರಿಚಿತನಿಗೆ ತನ್ನ ಬಾಗಿಲನ್ನು ತೆರೆದುಕೊಟ್ಟವನೇ ಅವನ ವಂಚನೆಗೆ ಹೊಣೆ. ೧೮೮೧ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಶಾಸನವೂ ದೇಶಭಾಷೆಗಳಲ್ಲಿ ಬರೆದ ಪತ್ರಗಳ ಸ್ಥಳೀಯ ರೂಢಿಗೆ ಬಾಧಕವಾಗದಂತೆ ತನ್ನ ಮೊದಲನೆಯ ಪ್ರಕರಣದಲ್ಲಿಯೇ ಎಡೆಗೊಟ್ಟಿತು.

ಹುಂಡಿಯಲ್ಲಿ ಸಂಚರಿಸುತ್ತಿದ್ದುದು ಹಣವಲ್ಲ, ಮಾತು. ಸೂರತ್ತಿನವನು ಆಗ್ರಾದವನ ಮೇಲೆ ಬರೆದಂತೆಯೇ ಆಗ್ರಾದವನೂ ಸೂರತ್ತಿನವನ ಮೇಲೆ ಬರೆಯುವನು. ಖಾತೆಯಲ್ಲಿ ಜಮೆಯನ್ನು ಖರ್ಚಿಗೆ ವಜಾ ಹಾಕಿಕೊಂಡು ಉಳಿದ ಬಾಕಿಯನ್ನು ಮಾತ್ರ ಯಾವಾಗಲೋ ಒಮ್ಮೆ ನಾಣ್ಯದಲ್ಲಿ ತೀರಿಸುತ್ತಿದ್ದರು.

೪

ಮಾತಿನ ಸಂಚಾರಕ್ಕೆ ಕುದುರೆಯ ಬದಲು ತಂತಿಯು ಸಾಧನವಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ನಮ್ಮ ದೇಶದಲ್ಲಿ ೧೮೫೫ರಲ್ಲಿ ತಂತಿಯು ಸಾರ್ವಜನಿಕರಿಗೆ ದೊರೆಯಿತು. ೧೮೮೦ರಲ್ಲಿ ಮನಿಯಾರ್ಡರು ಅಂಚೆಯ ಇಲಾಖೆಗೆ ಬಂದಿತು. ತಂತಿಯ ಸೇವೆಯು ೨೦೧೩ರ ಜುಲೈ ತಿಂಗಳಲ್ಲಿ ಮುಕ್ತಾಯವಾಯಿತು. ಅಷ್ಟರೊಳಗೆ ಅದರ ಕೆಲಸವನ್ನು ಗಣಕಯಂತ್ರಗಳು ವಹಿಸಿಕೊಂಡಿದ್ದುವು. ಭಾರತದ ರಿಸರ್ವ್ ಬ್ಯಾಂಕು ೨೦೦೪ರಲ್ಲಿ ಆರ್. ಟಿ. ಜಿ. ಎಸ್. ಎಂಬುದನ್ನೂ ೨೦೦೫ರಲ್ಲಿ ಎನ್. ಇ. ಎಫ್. ಟಿ. ಎಂಬುದನ್ನೂ ಆರಂಭಿಸಿತು. ೨೦೦೮ರಲ್ಲಿ ಭಾರತ ರಾಷ್ಟ್ರೀಯ ಪಾವತಿ ನಿಗಮವು ಸ್ಥಾಪಿತವಾಯಿತು. ಆ ನಿಗಮವು ೨೦೧೦ರ ನವೆಂಬರಿನಲ್ಲಿ ತತ್‌ಕ್ಷಣ ಪಾವತಿಯ ಐ. ಎಂ. ಪಿ. ಎಸ್. ಸೇವೆಯನ್ನೂ, ೨೦೧೬ರ ಏಪ್ರಿಲ್ ೧೧ರಂದು ಯು. ಪಿ. ಐ. ಎಂದು ಈಗ ಹಳ್ಳಿಹಳ್ಳಿಗಳಲ್ಲಿಯೂ ಪ್ರಸಿದ್ಧವಾಗಿರುವ ವ್ಯವಸ್ಥೆಯನ್ನೂ ಪ್ರಾರಂಭಿಸಿತು. ಅದೇ ವರ್ಷದ ನವೆಂಬರ್ ೮ರಂದು ದೊಡ್ಡ ನೋಟುಗಳು ರದ್ದಾದುದು ಅದರ ಪ್ರಚಾರಕ್ಕೆ ಒಂದು ಕಾರಣವಾಯಿತು. ೨೦೨೪–೨೫ನೆಯ ಆರ್ಥಿಕ ವರ್ಷದಲ್ಲಿ ೧೮,೫೦೦ ಕೋಟಿಗೂ ಹೆಚ್ಚು ಪಾವತಿಗಳು, ಸುಮಾರು ೨೬೦ ಲಕ್ಷ ಕೋಟಿ ರೂಪಾಯಿಗಳಷ್ಟು, ಈ ಮಾರ್ಗದಲ್ಲಿ ನಡೆದುವು. ೨೦೨೫ರ ಆಗಸ್ಟ್ ತಿಂಗಳೊಂದರಲ್ಲಿಯೇ ಪಾವತಿಗಳ ಸಂಖ್ಯೆಯು ಮೊದಲ ಬಾರಿಗೆ ೨,೦೦೦ ಕೋಟಿಯನ್ನು ದಾಟಿತು.

ಇದರ ಕ್ರಮವನ್ನು ಹೂವಿನ ಬುಟ್ಟಿಯ ದೃಷ್ಟಾಂತದಿಂದಲೇ ವಿವರಿಸುವೆನು. ಅಲ್ಲಿಯ ಚೌಕಮುದ್ರೆಯು ಜಪಾನಿನ ಡೆನ್ಸೋ ವೇವ್ ಎಂಬ ಸಂಸ್ಥೆಯಲ್ಲಿ ೧೯೯೪ರಲ್ಲಿ ಯಂತ್ರಗಳ ಬಿಡಿಭಾಗಗಳನ್ನು ಗುರುತಿಸಲು ನಿರ್ಮಿತವಾದುದು. ಜನರು ಅದನ್ನು ಕ್ಯೂ. ಆರ್. ಕೋಡ್ ಎನ್ನುವರು. ಅದರಲ್ಲಿ ಹಣವಿಲ್ಲ, ಹೂವಾಡಗಿತ್ತಿಯ ಪಾವತಿಯ ವಿಳಾಸವು ಮಾತ್ರ ಅಡಗಿದೆ. ನನ್ನ ಮೊಬೈಲು ಆ ವಿಳಾಸವನ್ನು ಓದಿ, ನಿಗಮದ ಕೇಂದ್ರಯಂತ್ರದ ಮೂಲಕ ವಿಚಾರಿಸಿ, ಆಕೆಯ ಹೆಸರನ್ನು ನನಗೆ ತೋರಿಸುವುದು. ಇದು ನಾಮ್‌ಜೋಗ್ ಹುಂಡಿಯ ಹೆಸರಿದ್ದಂತೆ. ನಾನು ಮೊತ್ತವನ್ನು ಬರೆದು ನನ್ನ ಗುಪ್ತಾಂಕವನ್ನು, ಎಂದರೆ ಪಿನ್ನನ್ನು, ಒತ್ತುವೆನು. ಇದು ಸ್ವಹಸ್ತದ ಅಂಕಿತ. ಆಜ್ಞೆಯು ಕೇಂದ್ರಯಂತ್ರದ ಮೂಲಕ ನನ್ನ ಬ್ಯಾಂಕಿಗೆ ಹೋಗುವುದು. ಬ್ಯಾಂಕು ಅಂಕಿತವನ್ನು ಪರೀಕ್ಷಿಸಿ ನನ್ನ ಖಾತೆಯಲ್ಲಿ ಆ ಮೊತ್ತವನ್ನು ಖರ್ಚು ಬರೆದು ಮರುತ್ತರವನ್ನು ಕೊಡುವುದು. ಆಗ ಕೇಂದ್ರಯಂತ್ರವು ಆಕೆಯ ಬ್ಯಾಂಕಿಗೆ ಹೇಳಿ ಜಮೆ ಬರೆಯಿಸುವುದು. ಅನಂತರ ಇಬ್ಬರಿಗೂ ವರ್ತಮಾನವು ಮುಟ್ಟುವುದು, ಡಬ್ಬವು ಕೂಗುವುದು. ಇಷ್ಟೂ ಕೆಲವೇ ಕ್ಷಣಗಳ ಕೆಲಸ.

ಇಷ್ಟಾದರೂ ನನ್ನ ಬ್ಯಾಂಕಿನಿಂದ ಆಕೆಯ ಬ್ಯಾಂಕಿಗೆ ಆ ಗಳಿಗೆಯಲ್ಲಿ ಹಣವು ಹೋಗಿರುವುದಿಲ್ಲ. ಬ್ಯಾಂಕುಗಳು ಪರಸ್ಪರ ಕೊಡಬೇಕಾದುದನ್ನೂ ಪಡೆಯಬೇಕಾದುದನ್ನೂ ವಜಾ ಹಾಕಿ, ನಿವ್ವಳ ಬಾಕಿಯನ್ನು ರಿಸರ್ವ್ ಬ್ಯಾಂಕಿನಲ್ಲಿರುವ ತಂತಮ್ಮ ಖಾತೆಗಳ ಮೂಲಕ ದಿನದಲ್ಲಿ ಹಲವು ಸಾರಿ ತೀರಿಸಿಕೊಳ್ಳುವುವು. ಮೊದಲೇ ಹೇಳಿದ ಆರ್. ಟಿ. ಜಿ. ಎಸ್. ಮಾರ್ಗದಲ್ಲಿ ಮಾತ್ರ ಒಂದೊಂದು ಮೊತ್ತವೂ ವಜಾ ಇಲ್ಲದೆ ಬಿಡಿಬಿಡಿಯಾಗಿ ಆಗಲೇ ತೀರುವುದು. ಸೂರತ್ತು ಆಗ್ರಾಗಳ ಸಾಹುಕಾರರು ಇಂದು ಬಂದು ನೋಡಿದರೆ ವೇಗಕ್ಕೆ ಬೆರಗಾದಾರೇ ಹೊರತು ತತ್ತ್ವಕ್ಕೆ ಬೆರಗಾಗಲಾರರು.

ಖರ್ಚಿಗೂ ಜಮೆಗೂ ನಡುವೆ ಮಾತು ತುಂಡಾದರೆ ಏನಾಗುವುದೆಂಬುದನ್ನು ನಾನು ಸ್ವತಃ ಅನುಭವಿಸಿದ್ದೇನೆ. ಹಳೆಯ ವ್ಯಾಕರಣಗ್ರಂಥವೊಂದರ ಸಲುವಾಗಿ ಪುಸ್ತಕವ್ಯಾಪಾರಿಗೆ ಹಣ ಕಳುಹಿಸಿದೆನು. ನನ್ನ ಖಾತೆಯಲ್ಲಿ ಖರ್ಚು ಬಿದ್ದಿತು, ಅವನಿಗೆ ಜಮೆಯಾಗಲಿಲ್ಲ. ಅವನು ಪುಸ್ತಕವನ್ನು ಹಿಂದಕ್ಕೆ ತೆಗೆದಿಟ್ಟನು. ನಾನು ಕಳ್ಳನಂತೆ ನಿಂತೆನು. ಮರುದಿನ ಹಣವು ತಾನಾಗಿ ಹಿಂದಿರುಗಿತು. ಇಂಥ ಪ್ರಸಂಗಗಳಿಗಾಗಿ ರಿಸರ್ವ್ ಬ್ಯಾಂಕು ೨೦೧೯ರ ಸೆಪ್ಟೆಂಬರಿನಲ್ಲಿ ಅವಧಿಗಳನ್ನು ಗೊತ್ತುಪಡಿಸಿತು. ಒಬ್ಬರಿಂದೊಬ್ಬರಿಗೆ ಕಳುಹಿಸಿದ ಹಣವು ತಲಪದಿದ್ದರೆ ಮರುದಿನದೊಳಗೆ ಹಿಂದಿರುಗಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ಪೈಠ್ ಪರ್‌ಪೈಠ್‌ಗಳಿಗಿಂತ ಇದು ಉತ್ತಮವಾದ ಏರ್ಪಾಡೆಂದು ಒಪ್ಪಲೇಬೇಕು.

೫

ಯಂತ್ರದ ತಪ್ಪಿಗೆ ಪರಿಹಾರವುಂಟು, ಮನುಷ್ಯನ ವಂಚನೆಗೆ? ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಮನೆಯ ಹಳೆಯ ಬೀರುವನ್ನು ಮಾರಬೇಕೆಂದಿದ್ದರು. ಕೊಳ್ಳುವೆನೆಂದು ದೂರವಾಣಿಯಲ್ಲಿ ಮಾತನಾಡಿದ ಅಪರಿಚಿತನೊಬ್ಬನು, ಮುಂಗಡವನ್ನು ಕಳುಹಿಸಿದ್ದೇನೆ, ಅದು ತಮಗೆ ಮುಟ್ಟಬೇಕಾದರೆ ಪಿನ್ನನ್ನು ಒತ್ತಿರೆಂದನು. ಹಣವನ್ನು ಕೊಡುವುದಕ್ಕೆ ಪಿನ್ ಬೇಕೇ ಹೊರತು ಪಡೆಯುವುದಕ್ಕೆ ಬೇಡವೆಂಬುದು ಅವರಿಗೆ ತಿಳಿಯದು. ಒತ್ತಿದರು. ಎರಡು ತಿಂಗಳ ನಿವೃತ್ತಿವೇತನವು ಹೋಯಿತು. ಬ್ಯಾಂಕಿನಲ್ಲಿ ಅವರಿಗೆ ದೊರೆತ ಉತ್ತರವು ಒಂದೇ: “ಪಿನ್ ಒತ್ತಿದವರು ತಾವೇ ಅಲ್ಲವೆ, ಮೇಷ್ಟ್ರೇ?”

ಈ ಪ್ರಶ್ನೆಯನ್ನು ಶಾಸ್ತ್ರದೃಷ್ಟಿಯಿಂದ ವಿಮರ್ಶಿಸೋಣ. ರಿಸರ್ವ್ ಬ್ಯಾಂಕು ೨೦೧೭ರ ಜುಲೈ ೬ರಂದು ಹೊರಡಿಸಿದ ಸುತ್ತೋಲೆಯು ಗ್ರಾಹಕನ ಅನುಮತಿಯಿಲ್ಲದೆ ನಡೆದ ವ್ಯವಹಾರಗಳಿಗೆ ಸಂಬಂಧಿಸಿದುದು. ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣವು ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟವಿಲ್ಲ. ಆದರೆ ಗುಪ್ತಾಂಕವನ್ನು ತಿಳಿಸಿಬಿಡುವುದೇ ಮೊದಲಾದ ಗ್ರಾಹಕನ ಅಜಾಗರೂಕತೆಯಿಂದ ಹೋದುದಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕನದೇ. ಉಪಾಧ್ಯಾಯರ ಪ್ರಸಂಗವಾದರೋ ಇವೆರಡರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದದು. ಅಂಕಿತವು ಅವರದೇ, ಆದರೆ ಅದರ ಹಿಂದಿನ ಇಚ್ಛೆಯು ಅವರದಲ್ಲ.

ಇಲ್ಲಿಯೇ ಯಾಜ್ಞವಲ್ಕ್ಯನ ಮೂರನೆಯ ಮಾತು ಪ್ರಸ್ತುತವಾಗುವುದು. ಸ್ವಹಸ್ತಲಿಖಿತಕ್ಕೆ ಸಾಕ್ಷಿ ಬೇಡವೆಂಬ ನಿಯಮವನ್ನು ವಿದ್ಯುನ್ಮಾನ ಪಾವತಿಯು ಪೂರ್ಣವಾಗಿ ಅಂಗೀಕರಿಸಿದೆ. ಪಿನ್ನೇ ಪ್ರಮಾಣ. ಆ ನಿಯಮವನ್ನು ಹೇಳಿದ ಉಸಿರಿನಲ್ಲಿಯೇ ಸ್ಮೃತಿಕಾರನು ಹೇಳಿದ ಅಪವಾದವು ಮಾತ್ರ ಬಿಟ್ಟುಹೋಗಿದೆ. ಬಲದಿಂದ, ಛಲದಿಂದ, ಭಯದಿಂದ ಬರೆಯಿಸಿದುದು ಪ್ರಮಾಣವಲ್ಲ. ಪೊಲೀಸರ ವೇಷದಲ್ಲಿ ಮೊಬೈಲಿನ ತೆರೆಯ ಮೇಲೆ ಕಾಣಿಸಿಕೊಂಡು ಮುದುಕರನ್ನು ಗಂಟೆಗಟ್ಟಲೆ ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಎಂಬ ಈಚಿನ ವಂಚನೆಯಲ್ಲಿ ಭಯವೂ ಛಲವೂ ಒಟ್ಟಿಗೆ ಇವೆ. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದ ಪಂಡಿತನು ಕೊಟ್ಟ ಪಟ್ಟಿಯು ಇಂದಿನ ಅಪರಾಧಗಳಿಗೆ ಅಷ್ಟು ಸರಿಯಾಗಿ ಹೊಂದುವುದು.

ಬ್ಯಾಂಕಿನ ಕಡೆಯವರು ಇದಕ್ಕೆ ಆಕ್ಷೇಪಿಸಬಹುದು: ಆಜ್ಞೆಯಂತೆ ನಡೆದವರು ನಾವು, ದೂರದಲ್ಲಿರುವ ಗ್ರಾಹಕನ ಮನಸ್ಸಿನಲ್ಲಿ ಭಯವಿದ್ದಿತೋ ಪ್ರೀತಿಯಿದ್ದಿತೋ ನಾವು ಹೇಗೆ ಬಲ್ಲೆವು? ಈ ಆಕ್ಷೇಪವು ನ್ಯಾಯವಾದುದೇ. ಶಾಹಜೋಗ್ ಹುಂಡಿಯ ರೂಢಿಯು ಇದೇ ಸಂದೇಹಕ್ಕೆ ಸಮಾಧಾನವಾಗಿದ್ದಿತು. ಹೊಣೆಯು ಹಣ ಕೊಟ್ಟ ಸಾಹುಕಾರನದಲ್ಲ, ಪಡೆದ ಶಾಹನದು. ಇಂದು ವಂಚಕನೂ ಯಾವುದೋ ಒಂದು ಬ್ಯಾಂಕಿನ ಖಾತೆಯ ಮೂಲಕವೇ ಹಣವನ್ನು ಪಡೆಯಬೇಕು. ಅನೇಕ ವೇಳೆ ಬಡವನೊಬ್ಬನಿಗೆ ನಾಲ್ಕು ಕಾಸು ಕೊಟ್ಟು ಅವನ ಹೆಸರಿನಲ್ಲಿ ತೆರೆಯಿಸಿದ ಬಾಡಿಗೆಯ ಖಾತೆ ಅದು. ಅವನ ಗುರುತುಚೀಟಿಗಳನ್ನು ಪರೀಕ್ಷಿಸಿ ಬಾಗಿಲು ತೆರೆದುಕೊಟ್ಟವರು ಆ ಬ್ಯಾಂಕಿನವರು. ಅವರನ್ನು ಶಾಹನ ಸ್ಥಾನದಲ್ಲಿ ನಿಲ್ಲಿಸಿ, ಹಣವನ್ನಾಗಲಿ ಅಪರಾಧಿಯನ್ನಾಗಲಿ ಒಪ್ಪಿಸಿರೆಂದು ಕೇಳುವುದು ನಮ್ಮ ವ್ಯವಹಾರಪರಂಪರೆಗೆ ಸಮ್ಮತವಾದುದು. ಹುಂಡಿಯ ಪೇಟೆಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲವರಾಗಿದ್ದರು; ತಿಂಗಳಿಗೆ ಎರಡು ಸಾವಿರ ಕೋಟಿ ಪಾವತಿಗಳು ನಡೆಯುವಲ್ಲಿ ಅದೇ ರೂಢಿಯನ್ನು ಅಕ್ಷರಶಃ ನಡೆಸುವುದು ಸುಲಭವಲ್ಲ. ಆದರೆ ಭಾರವು ಎತ್ತಲು ಕಷ್ಟವೆಂದ ಮಾತ್ರಕ್ಕೆ ಅದನ್ನು ಎಲ್ಲರಿಗಿಂತ ದುರ್ಬಲನಾದವನ ತಲೆಯ ಮೇಲೆ ಬಿಡುವುದು ನ್ಯಾಯವಾಗಲಾರದು.

೬

ಲೇಖ್ಯವು ಯಾರ ಬಳಿಯಲ್ಲಿ ಉಳಿಯುವುದೆಂಬುದು ಉಳಿದ ಪ್ರಶ್ನೆ. ಸಾಲಪತ್ರವನ್ನು ಹರಿಯುತ್ತಿದ್ದರು, ಕಡತವನ್ನು ಒರೆಸುತ್ತಿದ್ದರು, ಖೋಖಾ ಸಾಹುಕಾರನ ಪೆಟ್ಟಿಗೆಯಲ್ಲಿರುತ್ತಿದ್ದಿತು. ನಾನು ಎರಡು ಮೊಳ ಹೂ ಕೊಂಡ ಸಂಗತಿಯು ಈಗ ಎರಡು ಬ್ಯಾಂಕುಗಳಲ್ಲಿಯೂ, ನಿಗಮದಲ್ಲಿಯೂ, ಆ್ಯಪಿನವರಲ್ಲಿಯೂ ಬರೆಯಲ್ಪಟ್ಟಿರುವುದು. ಅದನ್ನು ಹರಿಯುವ ಅಧಿಕಾರವು ನನಗೂ ಇಲ್ಲ, ಹೂವಾಡಗಿತ್ತಿಗೂ ಇಲ್ಲ.

ಇದರ ಪರಿಣಾಮವು ೨೦೨೫ರ ಜುಲೈ ತಿಂಗಳಲ್ಲಿ ನಮ್ಮ ಬೆಂಗಳೂರ ಬೀದಿಗಳಲ್ಲಿಯೇ ಕಂಡುಬಂದಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯು. ಪಿ. ಐ. ಮೂಲಕ ಬಂದ ಮೊತ್ತಗಳ ಲೆಕ್ಕವನ್ನು ತರಿಸಿ, ಸರಕಿನ ಮಾರಾಟಕ್ಕೆ ವರ್ಷಕ್ಕೆ ೪೦ ಲಕ್ಷ ರೂಪಾಯಿಗಳ ಮಿತಿಯನ್ನು ದಾಟಿದರೆಂದು ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಕೊಟ್ಟರು. ತರಕಾರಿ, ಹಾಲು, ಹೂಗಳಂಥ ತೆರಿಗೆಯಿಲ್ಲದ ಸರಕನ್ನು ಮಾರುವವರೂ ಗಾಬರಿಯಾದರು. ಹಲವು ಅಂಗಡಿಗಳಲ್ಲಿ ಚೌಕಮುದ್ರೆಗಳು ಮಾಯವಾಗಿ ‘ನಗದು ಮಾತ್ರ’ ಎಂಬ ಹಲಗೆಗಳು ಬಂದುವು. ಅದೇ ತಿಂಗಳಲ್ಲಿ ಮುಖ್ಯಮಂತ್ರಿಗಳು ವರ್ತಕರೊಡನೆ ಸಮಾಲೋಚಿಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ನೋಂದಣಿ ಮಾಡಿಸಬೇಕಾದವರು ಮಾಡಿಸಿಕೊಳ್ಳಬೇಕೆಂದೂ ತಿಳಿಸಿದ ಮೇಲೆ ಗಲಭೆಯು ಶಾಂತವಾಯಿತು.

ಸಲ್ಲತಕ್ಕ ತೆರಿಗೆಯನ್ನು ಸಲ್ಲಿಸಬಾರದೆಂದು ಯಾರೂ ಹೇಳರು. ನಾನು ಹೇಳುವುದಿಷ್ಟೆ. ಪಾವತಿಯು ಕೊಟ್ಟವನನ್ನು ರಕ್ಷಿಸುವುದಕ್ಕಾಗಿ ಹುಟ್ಟಿದ ಲೇಖ್ಯ. ಅದೀಗ ಪಡೆದವನ ಜೀವಮಾನದ ಸಂಪಾದನೆಯನ್ನೆಲ್ಲ ಹೇಳುವ ಸಾಕ್ಷಿಯಾಗಿದೆ. ಮತ್ತು ಆ ಸಾಕ್ಷಿಯು ಮೊತ್ತವನ್ನು ಬಲ್ಲದೇ ಹೊರತು ಕಾರಣವನ್ನು ಬಲ್ಲದು. ತಮ್ಮನು ಕೊಟ್ಟ ಕೈಸಾಲವೂ ಹೂವಿನ ಬೆಲೆಯೂ ಅದಕ್ಕೆ ಒಂದೇ. ಸಾಕ್ಷಿಯ ಗುಣದೋಷಗಳನ್ನು ಪರೀಕ್ಷಿಸದೆ ಅವನ ಮಾತನ್ನು ಸ್ವೀಕರಿಸಬಾರದೆಂದು ನಮ್ಮ ವ್ಯವಹಾರಶಾಸ್ತ್ರವು ಪುಟಗಟ್ಟಲೆ ಹೇಳಿರುವುದು. ಯಂತ್ರಸಾಕ್ಷಿಗೂ ಆ ಪರೀಕ್ಷೆಯು ಸಲ್ಲಬೇಡವೆ?

೭

ಮುಂದಿನ ದಿಕ್ಕನ್ನು ಸಂಕ್ಷೇಪವಾಗಿ ಸೂಚಿಸುವೆನು. ೨೦೨೨ರಿಂದ ರೂಪೇ ಕಾರ್ಡಿನ ಸಾಲವೂ ಯು. ಪಿ. ಐ. ಮಾರ್ಗದಲ್ಲಿ ಸೇರಿತು, ದರ್ಶನಿಯ ಪಕ್ಕದಲ್ಲಿ ಮುದ್ದತಿಯೂ ಬಂದಂತಾಯಿತು. ಅದೇ ವರ್ಷದ ಡಿಸೆಂಬರ್ ೧ರಂದು ರಿಸರ್ವ್ ಬ್ಯಾಂಕು ಜನಸಾಮಾನ್ಯರಿಗಾಗಿ ಡಿಜಿಟಲ್ ರೂಪಾಯಿಯ ಪ್ರಯೋಗವನ್ನು ಆರಂಭಿಸಿತು. ಇದರಲ್ಲಿ ಹಣವೇ ಸಂಚರಿಸುವುದು, ಬ್ಯಾಂಕಿನ ಮಾತಲ್ಲ. ಆದುದರಿಂದ ತತ್ತ್ವತಃ ಹೊಸದೆಂದು ಹೇಳಬಹುದಾದುದು ಇದೊಂದೇ. ೨೦೨೩ರ ಫೆಬ್ರುವರಿಯಲ್ಲಿ ಸಿಂಗಪುರದ ಪಾವತಿಯ ವ್ಯವಸ್ಥೆಯೊಡನೆ ನಮ್ಮದು ಕೂಡಿತು. ಓ. ಎನ್. ಡಿ. ಸಿ. ಎಂಬ ತೆರೆದ ಪೇಟೆಯ ಪ್ರಯೋಗವು ೨೦೨೨ರಲ್ಲಿ ಆರಂಭವಾದ ಐದು ನಗರಗಳಲ್ಲಿ ಬೆಂಗಳೂರೂ ಒಂದು.

ಮತ್ತೊಂದು ಪ್ರವೃತ್ತಿಯು ಚಿಂತನೀಯವಾದುದು. ೨೦೨೫ರಲ್ಲಿ ಯು. ಪಿ. ಐ. ಪಾವತಿಗಳಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಮಿಕ್ಕು ಎರಡೇ ಆ್ಯಪುಗಳ ಮೂಲಕ ನಡೆಯುತ್ತಿದ್ದುವು. ಅವುಗಳಲ್ಲಿ ಮೊದಲನೆಯದಾದ ಫೋನ್‌ಪೇ ಎಂಬುದು ೨೦೧೫ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದುದು. ಒಬ್ಬೊಬ್ಬರ ಪಾಲು ನೂರಕ್ಕೆ ಮೂವತ್ತನ್ನು ಮೀರಬಾರದೆಂದು ನಿಗಮವು ೨೦೨೦ರಲ್ಲಿ ಮಾಡಿದ ನಿಯಮವು ಮುಂದಕ್ಕೆ ಹೋಗುತ್ತಲೇ ಬಂದಿತು. ಒಂದೆರಡು ಮನೆಗಳ ಕೈಯಲ್ಲಿಯೇ ಒಂದು ನಾಡಿನ ಪಾವತಿಯೆಲ್ಲ ಸೇರಿದಾಗ ಆ ಮನೆಗಳ ಏಳುಬೀಳು ನಾಡಿನ ಏಳುಬೀಳೂ ಆಗುವುದೆಂಬುದಕ್ಕೆ ಮುರ್ಷಿದಾಬಾದಿನ ಚರಿತ್ರೆಯನ್ನು ಬಲ್ಲವರಿಗೆ ಬೇರೆ ನಿದರ್ಶನವು ಬೇಡ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಹಣದ ಬದಲು ಮಾತನ್ನು ಕಳುಹಿಸಿ ಬಾಕಿಯನ್ನು ವಜಾ ಹಾಕುವ ತತ್ತ್ವವು ಪ್ರಾಚೀನವಾದುದು, ಬದಲಾಗಿಲ್ಲ. ಪ್ರಾಪ್ತಿಯ ಒಪ್ಪಿಗೆಯೇ ವ್ಯವಹಾರದ ಸಮಾಪ್ತಿಯೆಂಬ ಭಾವನೆಯು ಉಪಗತದಿಂದ ಡಬ್ಬದ ಕೂಗಿನವರೆಗೆ ಅವಿಚ್ಛಿನ್ನವಾಗಿ ಬಂದಿದೆ. ವೇಗವೂ, ಬಡವರಿಗೂ ದೊರೆಯುವ ಸೌಲಭ್ಯವೂ ಹೊಸಕಾಲದ ಹೆಚ್ಚಳ. ಹುಂಡಿಯು ಎಂದೂ ಹೂವಾಡಗಿತ್ತಿಯ ಬುಟ್ಟಿಗೆ ಇಳಿದುಬಂದಿರಲಿಲ್ಲ. ಉಪಧಿಯ ಅಪವಾದ, ಶಾಹನ ಹೊಣೆ, ತೀರಿದ ಲೇಖ್ಯಕ್ಕೆ ಒಂದು ಮುಕ್ತಾಯ, ಈ ಮೂರು ಮಾತ್ರ ದಾರಿಯಲ್ಲಿ ಬಿದ್ದುಹೋಗಿವೆ. ಇವನ್ನು ಮತ್ತೆ ಎತ್ತಿಕೊಳ್ಳುವುದು ಶಾಸನಕರ್ತರ ಕೆಲಸ. ಬಿದ್ದುಹೋಗಿವೆಯೆಂದು ತೋರಿಸುವುದು ನಮ್ಮ ಕೆಲಸ.

ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ಜಮೆ, ಖರ್ಚು, ಬಾಕಿ, ಖಾತೆ, ಕಿರ್ದಿ, ರಸೀದಿ, ಕಡತ, ಪಾವತಿ ಎಂಬ ಶಬ್ದಗಳ ಹಿಂದೆ ಒಂದೊಂದು ರೂಢಿಯೂ ಒಂದೊಂದು ನ್ಯಾಯವೂ ಅಡಗಿವೆ. ಹಳೆಯ ಅಂಗಡಿಮನೆಗಳಲ್ಲಿ ಖೋಖಾಗಳೂ ಕಡತಗಳೂ ಇನ್ನೂ ಅಲ್ಲಲ್ಲಿ ಉಳಿದಿರಬಹುದು. ಗೆದ್ದಲು ಮುಟ್ಟುವ ಮೊದಲು ಅವನ್ನು ಸಂಗ್ರಹಿಸಿ ಪ್ರತಿಮಾಡಿಸುವುದು ಅವಶ್ಯಕ. ಈ ಲೇಖನದಲ್ಲಿ ಸ್ಖಾಲಿತ್ಯಗಳಿದ್ದರೆ ವಿದ್ವಾಂಸರು ತಿದ್ದಿ ಉಪಕರಿಸಬೇಕಾಗಿ ಪ್ರಾರ್ಥಿಸುವೆನು.